ವಯಾ ಚಿಕ್ಕಜಾಜೂರು

ಚಳ್ಳಕೆರೆಗೆ ರೈಲು ಬಂದದ್ದು 1990ರ ದಶಕದಲ್ಲಿ. ಅದಕ್ಕೆ ಮೊದಲು ಊರಿಗೆ ರೈಲಿರಲಿಲ್ಲ, ರೈಲು ಹತ್ತುವವರಿಗೇನೂ ಬರವಿರಲಿಲ್ಲ. ಕಂಬಳಿ ಗಂಟು ಕಟ್ಟಿಕೊಂಡು ಮಹಾರಾಷ್ಟ್ರದ ಕಡೆ ವ್ಯಾಪಾರಕ್ಕೆ ಹೋಗುವವರು, ಕಡಲೆಕಾಯಿ ಎಣ್ಣೆ ಮಿಲ್ಲುಗಳ ವಸೂಲಿಗೆಂದು ಮುಂಬಯಿಗೆ ಹೊರಡುವ ಗುಮಾಸ್ತರು, ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆಯ ಕಟ್ಟು ಹಿಡಿದು ಬರುವ ಸಾಹುಕಾರರು, ಬದುಕಿಗೊಂದು ಸಲ ಕಾಶಿ ನೋಡಬೇಕೆಂದು ಹೊರಟ ಮುದುಕ ಮುದುಕಿಯರು, ಎಲ್ಲರೂ ಯಾವುದೋ ಪರಊರಿನ ಸ್ಟೇಷನ್ನಿಗೆ ಹೋಗಿ ಗಾಡಿ ಹತ್ತಬೇಕಿತ್ತು. ಹತ್ತಿದ ಗಾಡಿಯಲ್ಲೇ ಕೂತು ಊರು ಸೇರುವ ಭಾಗ್ಯವೂ ಇಲ್ಲ. ಒಂದು ಕಡೆ ಇಳಿದು ಇನ್ನೊಂದು ಹತ್ತಬೇಕು. ಜನ ಹೇಗೋ ಇಳಿದು ಹತ್ತುತ್ತಿದ್ದರು. ಅವರ ಸಾಮಾನು ಹೇಗೆ ಇಳಿದು ಹೇಗೆ ಹತ್ತುತ್ತಿತ್ತು ಎಂಬುದನ್ನು ಯಾರೂ ಬರೆದಿಟ್ಟಂತೆ ನನಗೆ ಕಾಣಲಿಲ್ಲ.

ನಾನು ಚಳ್ಳಕೆರೆಯವನು. ದಕ್ಷಿಣ ರೈಲ್ವೆಗೆ ಲಗೇಜು–ಪಾರ್ಸಲ್ ಗುಮಾಸ್ತನಾಗಿ ಸೇರಿ, ನೌಕರಿಯ ಹೆಚ್ಚಿನ ಪಾಲನ್ನು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಕಳೆದವನು. ಟಿಕೆಟ್ ಕೊಡುವ ಗುಮಾಸ್ತನ ಕಿಟಕಿಗೆ ಜನರ ಮುಖ ಬರುತ್ತದೆ. ನನ್ನ ಬಾಗಿಲಿಗೆ ಬರುತ್ತಿದ್ದುದು ಟ್ರಂಕು, ಹೋಲ್ಡಾಲು, ಗೋಣಿ ಗಂಟು, ತಗಡಿನ ಡಬ್ಬ, ಮದುವೆಗೆ ಕೊಂಡ ಕೊಪ್ಪರಿಗೆ. ಹಾಗಾಗಿ ಈ ಸೀಮೆಯ ರೈಲಿನ ಚರಿತ್ರೆ ನನಗೆ ಗೊತ್ತಿರುವುದೇ ಸಾಮಾನಿನ ಕಡೆಯಿಂದ.

ನಕ್ಷೆ ಸ್ವಲ್ಪ ಹೇಳಬೇಕು. ಮೈಸೂರು ಸಂಸ್ಥಾನದ ದೊಡ್ಡ ಲೈನು ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಬೀರೂರು ದಾಟಿ ಹರಿಹರ ಮುಟ್ಟಿದ್ದು 1880ರ ದಶಕದಲ್ಲಿ. ಅದು ಚಿತ್ರದುರ್ಗವನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಆಮೇಲೆ, 1920ರ ಆಸುಪಾಸಿನಲ್ಲಿ, ಚಿಕ್ಕಜಾಜೂರಿನಿಂದ ದುರ್ಗಕ್ಕೆ ಒಂದು ಕವಲು ಹಾಕಿದರು. ಕವಲು ದುರ್ಗದಲ್ಲೇ ನಿಂತಿತು; ಚಳ್ಳಕೆರೆಯವರು ಮೂವತ್ತು ಕಿಲೋಮೀಟರಿನಷ್ಟು ಹಾದಿ ನಡೆದೋ ಗಾಡಿ ಕಟ್ಟಿಯೋ, ಆಮೇಲೆ ಬಸ್ಸಿನಲ್ಲೋ ಅಲ್ಲಿಗೆ ಬರಬೇಕು. ಇನ್ನೊಂದು ದಿಕ್ಕಿನಲ್ಲಿ ಬಳ್ಳಾರಿಯಿಂದ ರಾಯದುರ್ಗದವರೆಗೆ ಬ್ರಿಟಿಷರ ಕಾಲದ್ದೇ ಮತ್ತೊಂದು ಕವಲು. ಅದೂ ರಾಯದುರ್ಗದಲ್ಲಿ ನಿಂತಿತು. ಎರಡು ದುರ್ಗಗಳ ಕೋಟೆಗಳಡಿ ಎರಡು ಹಳಿಗಳು ಬಂದು ಮುಗಿದವು. ನಡುವಿನ ಬಯಲಿನಲ್ಲಿ ಚಳ್ಳಕೆರೆ, ತಳಕು, ಮೊಳಕಾಲ್ಮೂರು. ಸರಿಸುಮಾರು ಎಪ್ಪತ್ತು ವರ್ಷ ಹೀಗೇ ಇತ್ತು.

ಕಾರಣ ದೂರದ್ದೇನಲ್ಲ. ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಬಡಗಣ ಅಂಚು. ಅಲ್ಲಿಂದ ಹತ್ತಿರವೇ ಇರುವ ರಾಯದುರ್ಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು. ಒಂದು ಕಡೆ ಮಹಾರಾಜರ ಸರ್ಕಾರ, ಇನ್ನೊಂದು ಕಡೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿ. ಗಡಿಯ ಆಚೆಗೆ ಹಳಿ ಕೂಡಿಸುವ ಅವಸರ ಯಾರಿಗಿರುತ್ತದೆ? 1951ರಲ್ಲಿ ಈ ಕಂಪನಿ, ಮೈಸೂರು ಸಂಸ್ಥಾನದ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. ರೈಲ್ವೆ ಒಂದಾಯಿತು ಎನ್ನುವಷ್ಟರಲ್ಲಿ ರಾಜ್ಯದ ಗೆರೆ ಮತ್ತೆ ಕದಲಿತು: 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು.

ಮೊಳಕಾಲ್ಮೂರಿನವರಿಗೆ ಗೆರೆಗಳ ಗೊಡವೆ ಇರಲಿಲ್ಲ. ಬಳ್ಳಾರಿ, ಗುಂತಕಲ್ಲು, ರಾಯಚೂರು ಕಡೆಗಾದರೆ ರಾಯದುರ್ಗ. ಹುಬ್ಬಳ್ಳಿ, ಮಿರಜು, ಪುಣೆಗಾದರೆ ದುರ್ಗ. ನನ್ನ ಅಜ್ಜಿ ಮೊಳಕಾಲ್ಮೂರಿನ ಹೆಣ್ಣು. ಆಕೆ ಕಾಶಿಗೆ ಹೋಗಿಬಂದ ಕಥೆಯನ್ನು ಊರುಗಳ ಹೆಸರಿನಿಂದಲ್ಲ, ಟ್ರಂಕನ್ನು ಎಲ್ಲೆಲ್ಲಿ ಇಳಿಸಿದರು ಎಂಬ ಲೆಕ್ಕದಲ್ಲಿ ಹೇಳುತ್ತಿದ್ದಳು. ರಾಯದುರ್ಗದಲ್ಲಿ ಎತ್ತಿನಗಾಡಿಯಿಂದ ಇಳಿಸಿ ಚಿಕ್ಕ ಹಳಿಯ ರೈಲಿಗೆ ಏರಿಸಿದ್ದು, ಗುಂತಕಲ್ಲಿನಲ್ಲಿ ಚಿಕ್ಕ ಹಳಿಯಿಂದ ದೊಡ್ಡ ಹಳಿಗೆ, ಆಮೇಲೆ ಮನಮಾಡು, ಇಟಾರ್ಸಿ, ಅಲಹಾಬಾದು. ಟ್ರಂಕಿನಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಒಣಗಿಸಿದ ಜೋಳದ ರೊಟ್ಟಿ, ನಾಲ್ಕು ಸೀರೆ. ಅದನ್ನು ಬ್ರೇಕ್ ವ್ಯಾನಿಗೆ, ಅಂದರೆ ಗಾರ್ಡಿನ ಸಾಮಾನು ಡಬ್ಬಿಗೆ, ಬುಕ್ ಮಾಡಿಸಬಹುದೆಂದು ಯಾರೋ ಹೇಳಿದರಂತೆ. “ನನ್ನ ರೊಟ್ಟಿ ನನ್ನ ಕಾಲ ಕೆಳಗಿರಲಿ” ಎಂದಳಂತೆ. ಬರುವಾಗ ಗಂಗಾಥಾಲಿ. ತಾಮ್ರದ ಪುಟ್ಟ ಗಿಂಡಿ, ಬಾಯಿಗೆ ಬೆಸುಗೆ. ಅದು ಕೆಳಗಿಡುವಂಥದ್ದೇ ಅಲ್ಲ, ಹಳ್ಳಿಯಲ್ಲಿ ಸಮಾರಾಧನೆ ಆಗುವತನಕ ಮಡಿಲಿನದು.

ಗುಂತಕಲ್ಲಿನಲ್ಲಿ ಯಾಕೆ ಹಳಿ ಬದಲು? 1870ರಲ್ಲಿ ವೈಸ್‌ರಾಯ್ ಮೇಯೊ, ಖರ್ಚು ಉಳಿಸಲೆಂದು, ಹೊಸ ಲೈನುಗಳಿಗೆ ಒಂದು ಮೀಟರ್ ಅಗಲದ ಹಳಿ ಸಾಕು ಎಂದು ತೀರ್ಮಾನಿಸಿದ. ಅದಾಗಲೇ ಮದ್ರಾಸು–ಮುಂಬಯಿ ಹಾದಿಯೆಲ್ಲ 1676 ಮಿಲಿಮೀಟರಿನ ಅಗಲ ಹಳಿಯಲ್ಲಿ ಹೊರಟಿತ್ತು. 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡೂ ಬಿಟ್ಟಿತು. ಆಮೇಲೆ ಬಂದ ನಮ್ಮ ಹುಬ್ಬಳ್ಳಿ, ಬಳ್ಳಾರಿ, ಹರಿಹರ, ಬೆಂಗಳೂರು–ಮೈಸೂರು ಲೈನುಗಳೆಲ್ಲ ಮೀಟರ್ ಗೇಜು. ಎರಡೂ ಸೇರುವ ಊರಿನಲ್ಲಿ ಗಾಡಿ ಮುಂದೆ ಹೋಗಲಾರದು. ಅಲ್ಲಿ ಪ್ರತಿ ಮೂಟೆಯೂ ಒಬ್ಬ ಹಮಾಲನ ಬೆನ್ನ ಮೇಲೆ ಹೋಗಬೇಕು. ಸರ್ಕಾರ ಹಳಿಯಲ್ಲಿ ಉಳಿಸಿದ ದುಡ್ಡನ್ನು ನೂರಿಪ್ಪತ್ತು ವರ್ಷ ಹಮಾಲರು ತಮ್ಮ ಸೊಂಟದಿಂದ ತೀರಿಸಿದರು ಎಂದೇ ನಾನು ಹೇಳುವುದು.

ಈಗ ನನ್ನ ಮೇಜಿನ ವಿಷಯ. ಪ್ರಯಾಣಿಕ ದೂರದ ಊರಿಗೆ ಟಿಕೆಟ್ ಕೊಂಡು ಲಗೇಜನ್ನು ಅದೇ ಊರಿಗೆ ‘ಥ್ರೂ’ ಬುಕ್ ಮಾಡಿಸಬಹುದಿತ್ತು. ಗಾಡಿ ಬಿಡುವ ಅರ್ಧ ಗಂಟೆ ಮುಂಚೆ ತರಬೇಕು. ಮೊದಲು ಟಿಕೆಟ್ ನೋಡುವುದು, ಆಮೇಲೆ ಕಾಟಾದ ಮೇಲಿಟ್ಟು ತೂಕ. ಟಿಕೆಟ್ಟಿಗೆ ಇಷ್ಟು ಕಿಲೋ ಪುಕ್ಕಟೆ ಎಂದಿರುತ್ತದೆ, ಅದನ್ನು ಕಳೆದು ಉಳಿದದ್ದಕ್ಕೆ ದರ. ಚೀಟಿ ಪುಸ್ತಕದಲ್ಲಿ ಕಾರ್ಬನ್ ಇಟ್ಟು ಬರೆದರೆ ಒಂದು ಪ್ರತಿ ಪುಸ್ತಕದಲ್ಲಿ ಉಳಿಯುತ್ತದೆ, ಒಂದು ಗಾರ್ಡಿಗೆ, ಒಂದು ಪ್ರಯಾಣಿಕನಿಗೆ. ಕೊನೆಗೆ ಲೇಬಲ್: ಎಲ್ಲಿಂದ, ಎಲ್ಲಿಗೆ, ವಯಾ. ಈ ವಯಾ ಎಂಬ ಖಾನೆಯೇ ಇಡೀ ವ್ಯವಸ್ಥೆಯ ಜೀವ. ಎಲ್ಲೆಲ್ಲಿ ಇಳಿಸಿ ಎಲ್ಲೆಲ್ಲಿ ಏರಿಸಬೇಕೆಂಬುದು ಅಲ್ಲಿ ಬರೆದ ಎರಡು ಮೂರು ಹೆಸರುಗಳಲ್ಲಿ ನಿಂತಿದೆ. ದುರ್ಗದಿಂದ ಪುಣೆಗೆ ಹೋಗುವ ಗಂಟಿನ ಮೇಲೆ ‘ವಯಾ ಚಿಕ್ಕಜಾಜೂರು, ಮಿರಜು’ ಎಂದಿದ್ದರೆ ಅದು ಹೋದೀತು. ಇಲ್ಲದಿದ್ದರೆ ಆ ಗಂಟು ಗಾರ್ಡಿನ ಡಬ್ಬಿಯಲ್ಲಿ ಕೂತು ಬೀರೂರೋ ಬೆಂಗಳೂರೋ ನೋಡಿಕೊಂಡು ಬರುತ್ತದೆ. ಇದಕ್ಕೆ ನಮ್ಮ ಇಲಾಖೆಯ ಮಾತು ‘ಓವರ್ ಕ್ಯಾರಿ’.

ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಹಿತ್ತಾಳೆ ಬಿಲ್ಲೆಗಳ ಜೋಡಿ ಇತ್ತು. ಒಂದೇ ನಂಬರಿನ ಎರಡು ಬಿಲ್ಲೆ, ಒಂದು ಪೆಟ್ಟಿಗೆಗೆ, ಇನ್ನೊಂದು ಪ್ರಯಾಣಿಕನ ಕೈಗೆ. ನಡುವೆ ಮೂರು ಕಂಪನಿಗಳ ರೈಲು ಬದಲಾದರೂ ಪೆಟ್ಟಿಗೆಯ ಹೊಣೆ ಕಂಪನಿಗಳದು. ಇಂಗ್ಲೆಂಡಿನವರು ಮಾತ್ರ ಕಾಗದದ ಲೇಬಲ್ ಮೆತ್ತಿ, ಇಳಿದ ಮೇಲೆ ನಿಮ್ಮದನ್ನು ನೀವೇ ಗುರುತಿಸಿಕೊಳ್ಳಿ ಎನ್ನುವ ಜಾಯಮಾನದವರು. ನಮಗೆ ಬಂದದ್ದು ಅವರದೇ ಕಾಗದ, ಅವರದೇ ಅಂಟು.

ಆ ಅಂಟು ಕಂಬಳಿಯ ಮುಂದೆ ಸೋಲುತ್ತಿತ್ತು. ಚಳ್ಳಕೆರೆ ಕಂಬಳಿ ನೋಡದವರಿಗೆ ಹೇಳುತ್ತೇನೆ: ದಖ್ಖನಿ ಕುರಿಯ ಉಣ್ಣೆ, ಕುರುಬರ ಮನೆಯ ಹೆಂಗಸರು ತೆಗೆದ ನೂಲು, ಗುಂಡಿ ಮಗ್ಗದ ನೇಯ್ಗೆ, ಮೇಲೆ ಹುಣಸೆ ಬೀಜದ ಗಂಜಿ. ಗಂಜಿ ಕುಡಿದ ಹೊಸ ಕಂಬಳಿ ನಿಲ್ಲಿಸಿದರೆ ನಿಲ್ಲುವಷ್ಟು ಸೆಟೆದಿರುತ್ತದೆ. ವಾಸನೆಯೂ ಬಲವಾದದ್ದು, ಕುರಿ ಉಣ್ಣೆಯ ಜಿಡ್ಡು, ಹುಣಸೆ ಬೀಜದ ಹುಳಿಮುಗ್ಗಲು ಎರಡೂ ಸೇರಿ ಪಾರ್ಸಲ್ ಕೋಣೆಯಲ್ಲಿ ಎರಡು ದಿನ ಉಳಿಯುತ್ತಿತ್ತು. ಅದರ ಗಂಟಿನ ಮೇಲೆ ಮೈದಾ ಅಂಟು ಹಾಕಿ ಕಾಗದ ಮೆತ್ತಿದರೆ ಗಾಡಿ ಹೊಳಲ್ಕೆರೆ ಕಡೆ ಹೊರಳುವಷ್ಟರಲ್ಲಿ ಕಾಗದ ನೆಲದ ಮೇಲಿರುತ್ತಿತ್ತು. ಹಾಗಾಗಿ ಕಂಬಳಿ ವ್ಯಾಪಾರಿಗಳು ತಮ್ಮದೇ ದಾರಿ ಕಂಡುಕೊಂಡಿದ್ದರು. ಗೋಣಿತಟ್ಟಿನಲ್ಲಿ ಸುತ್ತಿ, ದಬ್ಬಳದಲ್ಲಿ ಸುತಳಿ ಪೋಣಿಸಿ ಬಾಯಿ ಹೊಲಿದು, ಆ ಹೊಲಿಗೆಯ ಮೇಲೆ ಬಿಳಿ ಬಟ್ಟೆಯ ತುಂಡೊಂದನ್ನು ಹೊಲಿಯುತ್ತಿದ್ದರು. ಅದರ ಮೇಲೆ ಕಡ್ಡಿಗೆ ಬಟ್ಟೆ ಸುತ್ತಿ ಮಸಿಯಲ್ಲಿ ಅದ್ದಿ ಬರೆದ ಹೆಸರು. ಓದು ಬಾರದ ಹಮಾಲನಿಗಾಗಿ ಇನ್ನೊಂದು ಗುರುತು: ಮೂಲೆಯಲ್ಲಿ ಕರಿ–ಬಿಳಿ ಉಣ್ಣೆಯ ಹುರಿಯ ಕುಚ್ಚು. ಒಂದು ಮನೆಯವರದು ಒಂಟಿ ಕುಚ್ಚು, ಇನ್ನೊಂದು ಮನೆಯದು ಜೋಡಿ. ನಾಯಕನಹಟ್ಟಿ ತಿಪ್ಪೇಸ್ವಾಮಿಯ ಒಕ್ಕಲಿನವರು ವಿಭೂತಿಯ ಮೂರು ಗೆರೆ ಎಳೆದು ತರುತ್ತಿದ್ದರು, ಅದು ಗುರುತಿಗೂ ಆಯಿತು, ಗಂಟಿನ ಕಾವಲಿಗೂ ಆಯಿತು ಎಂದು. ಒಳಗೆ, ಎರಡನೇ ಮಡಿಕೆಯಲ್ಲಿ, ವಿಳಾಸದ ಇನ್ನೊಂದು ಚೀಟಿ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ನಿಯಮದಲ್ಲೂ ಆ ಸಲಹೆ ಇದೆ, ಯಾರೂ ಓದುವುದಿಲ್ಲ.

ವಿಳಾಸದಲ್ಲಿ ನಾನು ಬಿಡದೆ ತಿದ್ದುತ್ತಿದ್ದ ಒಂದು ಸಂಗತಿಯಿತ್ತು. ನಮ್ಮ ಕಡೆಯವರು ಚಿತ್ರದುರ್ಗ ಎಂದು ಬಾಯಿ ತುಂಬ ಹೇಳುವವರಲ್ಲ, ‘ದುರ್ಗ’ ಅಷ್ಟೇ. ವಾಪಸು ಬರುವ ಖಾಲಿ ಪೆಟ್ಟಿಗೆ, ಉಳಿದ ಮಾಲಿನ ಮೇಲೆ ಹಾಗೇ ಬರೆಸಿಬಿಟ್ಟರೆ, ಉತ್ತರದ ಗುಮಾಸ್ತನಿಗೆ ದುರ್ಗ್ ಎಂದರೆ ಭಿಲಾಯಿ ಪಕ್ಕದ ಸ್ಟೇಷನ್ನು. ಮುಂಬಯಿ–ಹೌರಾ ಲೈನಿನ ದೊಡ್ಡ ಊರು ಅದು. ಇನ್ನು ರಾಯದುರ್ಗ ಬೇರೆ ಇದೆ. ಮೂರು ದುರ್ಗಗಳ ನಡುವೆ ಸಿಕ್ಕಿದ ಗಂಟು ಮನೆಗೆ ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ.

ಚಿಕ್ಕಜಾಜೂರು ದೊಡ್ಡ ಊರಲ್ಲ. ಜಂಕ್ಷನ್ ಎಂಬ ಬೋರ್ಡು ಓದಿ ಇಳಿದವರು ಊರೆಲ್ಲಿ ಎಂದು ಹುಡುಕಬೇಕು. ದುರ್ಗದ ಗಾಡಿ ಒಂದು ಬದಿಗೆ ಬಂದು ನಿಲ್ಲುತ್ತದೆ, ಬೆಂಗಳೂರು–ಹುಬ್ಬಳ್ಳಿ ಗಾಡಿಗಳು ಇನ್ನೊಂದು ಬದಿಗೆ. ನಡುವೆ ಹಳಿ ದಾಟಬೇಕು. ದೊಡ್ಡ ಲೈನಿನ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಬ್ರೇಕ್ ವ್ಯಾನಿನಿಂದ ಬರುವ ಸಾಮಾನು ಇಳಿಯಬೇಕು, ಹೋಗುವ ಸಾಮಾನು ಏರಬೇಕು, ಗಾರ್ಡು ಒಂದೊಂದನ್ನೂ ಚೀಟಿಯೊಂದಿಗೆ ತಾಳೆ ನೋಡಿ ರುಜು ಹಾಕಬೇಕು. ರಾತ್ರಿಯಾದರೆ ಕೈದೀಪದ ಬೆಳಕು. ನಮ್ಮ ಹಮಾಲರಿಗೆ ಬ್ರೇಕ್ ವ್ಯಾನು ಪ್ಲಾಟ್‌ಫಾರಂನ ಯಾವ ಕಂಬದ ಎದುರಿಗೆ ಬಂದು ನಿಲ್ಲುತ್ತದೆಂಬುದು ಇಂಜಿನ್ ಡ್ರೈವರಿಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲೇ ಕೈಗಾಡಿ ಅಲ್ಲಿ ನಿಲ್ಲಿಸಿರುತ್ತಿದ್ದರು. ಭಾರದ್ದು ಕೆಳಗೆ, ಮಿರಜಿನದು ಮುಂದೆ, ಹುಬ್ಬಳ್ಳಿಯದು ಹಿಂದೆ. ಯಾವುದು ಮೊದಲು ಇಳಿಯುತ್ತದೋ ಅದು ವ್ಯಾನಿನ ಬಾಗಿಲ ಬಳಿ ಇರಬೇಕು, ಅಂದರೆ ಕೊನೆಗೆ ಏರಬೇಕು. ಯಾವ ಮ್ಯಾನುಯಲ್ಲಿನಲ್ಲಿ ಓದಿದವರೂ ಅವರಲ್ಲ.

ಕವಲಿನ ಗಾಡಿ ತಡವಾದ ದಿನ ಬೇರೆಯೇ ನಾಟಕ. ಪ್ರಯಾಣಿಕರು ಹಳಿ ಹಾರಿ ಓಡಿ ದೊಡ್ಡ ಗಾಡಿಗೆ ನೇತುಬೀಳುತ್ತಿದ್ದರು. ಲಗೇಜಿಗೆ ಕಾಲಿಲ್ಲವಲ್ಲ, ಅದು ಉಳಿಯುತ್ತಿತ್ತು. ಮನುಷ್ಯ ಪುಣೆಯಲ್ಲಿ, ಗಂಟು ಚಿಕ್ಕಜಾಜೂರಿನಲ್ಲಿ. ಮಾರನೆಯ ಗಾಡಿಗೆ ಹಾಕಿ, ಮುಂದಿನ ಜಂಕ್ಷನ್ನಿಗೆ ಫೋನಿನಲ್ಲಿ ನಂಬರು ಒದರಿ, ಮನುಷ್ಯ ಇನ್ನೂ ಸ್ಟೇಷನ್ನಿನಲ್ಲೇ ಕಾಯುತ್ತಿದ್ದಾನೋ ಧರ್ಮಛತ್ರಕ್ಕೆ ಹೋದನೋ ಎಂದು ಯೋಚಿಸುವುದು. ಕಂಬಳಿಯವರು ಇದಕ್ಕೂ ಉಪಾಯ ಮಾಡಿದ್ದರು. ಇಬ್ಬರು ಹೊರಟರೆ ಒಬ್ಬ ಮುಂದೆ ಹೋಗಿ ಗಿರಾಕಿ ನೋಡುವುದು, ಇನ್ನೊಬ್ಬ ಗಂಟು ಏರಿದ್ದನ್ನು ಕಣ್ಣಾರೆ ನೋಡಿಯೇ ಗಾಡಿ ಹತ್ತುವುದು. ಗಂಟು ಏರದಿದ್ದರೆ ಅವನೂ ಏರುತ್ತಿರಲಿಲ್ಲ. ಪಾರ್ಸಲ್ ಕೋಣೆಯ ಜಗಲಿಯ ಮೇಲೆ ತನ್ನ ಹೊದಿಕೆಯ ಕಂಬಳಿ ಹಾಸಿ ಮಲಗುತ್ತಿದ್ದ.

1971ರವರೆಗೆ ಪುಣೆಯ ತನಕ ಮೀಟರ್ ಗೇಜೇ ಇತ್ತು. ಹಾಗಾಗಿ ಚಿಕ್ಕಜಾಜೂರಿನಲ್ಲಿ ಏರಿದ್ದು ಪುಣೆಯಲ್ಲಿ ಇಳಿಯುತ್ತಿತ್ತು, ಮುಂಬಯಿಗೆ ಹೋಗುವುದಿದ್ದರೆ ಅಲ್ಲಿ ಹಳಿ ಬದಲು. ಆ ವರ್ಷ ಪುಣೆ–ಮಿರಜು ಅಗಲ ಹಳಿಯಾಯಿತು. ಪ್ರಗತಿ ಎಂದರು. ನಮ್ಮ ಗಂಟುಗಳ ಪಾಲಿಗೆ ಆದದ್ದೆಂದರೆ, ಪುಣೆಯಲ್ಲಿ ಬೀಳುತ್ತಿದ್ದ ಏಟು ಮಿರಜಿನಲ್ಲಿ ಬೀಳತೊಡಗಿತು, ಪುಣೆಗೆ ಹೋಗುವ ಗಂಟಿಗೂ ಬೀಳತೊಡಗಿತು.

ಇನ್ನು ಮೊಳಕಾಲ್ಮೂರಿನ ರೇಷ್ಮೆ. ಸೀರೆಯ ವ್ಯಾಪಾರಿಗಳು ನನ್ನ ಕೋಣೆಯ ಮುಂದೆಯೇ ಹಾದುಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಬಿಳಿ ಪಂಚೆಯಲ್ಲಿ ಕಟ್ಟಿದ ಚೌಕ ಗಂಟು, ಕಂಕುಳಲ್ಲಿ. ಒಬ್ಬ ಹಿರಿಯರು ವರ್ಷಗಟ್ಟಲೆ ಹಾಗೆ ಹೋಗುವುದನ್ನು ನೋಡಿ ಒಮ್ಮೆ ಕೇಳಿದೆ.

“ಏನ್ ಯಜಮಾನ್ರೇ, ಅಷ್ಟು ಭಾರ ಮಡಿಲಲ್ಲಿ ಇಟ್ಕೊಂಡು ರಾತ್ರಿಯೆಲ್ಲಾ ಕೂರ್ತೀರಾ? ಬುಕ್ ಮಾಡಿಸಿ ಹಾಯಾಗಿ ನಿದ್ದೆ ಮಾಡ್ಬಾರ್ದಾ?”

“ಮಗಳನ್ನ ಗಂಡನ ಮನೆಗೆ ಕಳಿಸೋವಾಗ ಬ್ರೇಕ್ ವ್ಯಾನಿಗೆ ಹಾಕಿ ಕಳಿಸ್ತಾರೇನಪ್ಪಾ?” ಎಂದು ನಕ್ಕು ಮುಂದೆ ಹೋದರು.

ನಗೆಯ ಹಿಂದೆ ಕಾನೂನೂ ಇತ್ತು, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 1890ರ ರೈಲ್ವೆ ಕಾಯ್ದೆಯ 75ನೇ ಕಲಮಿನ ಪ್ರಕಾರ ಕೆಲವು ಬೆಲೆಬಾಳುವ ವಸ್ತುಗಳ ಪಟ್ಟಿಯಿತ್ತು. ಚಿನ್ನ, ಬೆಳ್ಳಿ, ಮುತ್ತು, ಗಡಿಯಾರ, ಅಫೀಮು, ದಂತ, ಶ್ರೀಗಂಧ. ಆ ಸಾಲಿನಲ್ಲೇ ರೇಷ್ಮೆ, ನೂಲಾಗಿರಲಿ ಬಟ್ಟೆಯಾಗಿರಲಿ. ಚಿನ್ನ ಬೆಳ್ಳಿಯ ಎಳೆ ಸೇರಿದ ಬಟ್ಟೆಯೂ ಅದೇ ಪಟ್ಟಿಯಲ್ಲಿತ್ತು, ಅಂದರೆ ಸೂರತ್ತಿನ ಜರಿ ಹಾಕಿದ ಸೆರಗು ಎರಡು ಕಡೆಯಿಂದ ಸಿಕ್ಕಿಬೀಳುತ್ತಿತ್ತು. ಇಂಥ ವಸ್ತು ಒಂದು ಗಂಟಿನಲ್ಲಿ ನೂರು ರೂಪಾಯಿಗಿಂತ ಹೆಚ್ಚಿನದಿದ್ದರೆ, ಮೂಲ ಕಾಯ್ದೆಯ ಮಿತಿ ಅದು, ಅದರ ಬೆಲೆಯನ್ನು ಬರೆದುಕೊಟ್ಟು ಶೇಕಡಾವಾರು ಹೆಚ್ಚಿನ ಹಣ ಕಟ್ಟಬೇಕಿತ್ತು. ಕಟ್ಟದಿದ್ದರೆ, ಕಳೆದುಹೋದರೂ ಹಾಳಾದರೂ ರೈಲ್ವೆಗೆ ಸಂಬಂಧವಿರಲಿಲ್ಲ. ಬರೆದುಕೊಟ್ಟರೋ, ಒಳಗೆ ಎಷ್ಟರ ಮಾಲಿದೆ ಎಂದು ದಾರಿಯುದ್ದಕ್ಕೂ ಡಂಗುರ ಸಾರಿದ ಹಾಗೆ. ಯಾವ ವ್ಯಾಪಾರಿ ಒಪ್ಪುತ್ತಾನೆ? ಮೊಳಕಾಲ್ಮೂರಿನ ನೇಕಾರ ತಿಂಗಳುಗಟ್ಟಲೆ ಕೂತು ದೇವಸ್ಥಾನದ ಅಂಚು ನೇಯ್ದ ಸೀರೆ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಸೀರೆ, ರೈಲ್ವೆಯ ಕಣ್ಣಿಗೆ ಅಫೀಮಿನ ಪಕ್ಕದ ಸಾಲು.

1989ರ ಹೊಸ ರೈಲ್ವೆ ಕಾಯ್ದೆ 1990ರ ಜುಲೈನಲ್ಲಿ ಜಾರಿಗೆ ಬಂತು. ಅದರ 100ನೇ ಕಲಮು, ರೈಲ್ವೆ ನೌಕರ ಬುಕ್ ಮಾಡಿ ರಸೀತಿ ಕೊಟ್ಟ ಲಗೇಜಿಗಷ್ಟೇ ಹೊಣೆ ಎನ್ನುತ್ತದೆ. ಪ್ರಯಾಣಿಕ ತನ್ನ ಬಳಿಯೇ ಇಟ್ಟುಕೊಂಡದ್ದಕ್ಕೆ ರೈಲ್ವೆಯವರ ಅಲಕ್ಷ್ಯವೋ ಅನಾಚಾರವೋ ಸಾಬೀತಾಗಬೇಕು. ಬುಕ್ ಮಾಡಿಸಿದರೂ, ಬೆಲೆ ಘೋಷಿಸದಿದ್ದರೆ ಕಿಲೋಗೆ ನೂರು ರೂಪಾಯಿ ಪರಿಹಾರ. ಕಂಬಳಿಗೆ ಇದು ಅನ್ಯಾಯವಾದರೂ ಹತ್ತಿರದ ಅನ್ಯಾಯ. ಒಂದು ಕಿಲೋದ ಆಚೀಚೆ ತೂಗುವ ರೇಷ್ಮೆ ಸೀರೆಗೆ ಲೆಕ್ಕ ಹಾಕಿ ನೋಡಿ. ಮಡಿಲೇ ಸರಿ ಎಂದವರ ಲೆಕ್ಕ ಪಕ್ಕಾ ಇತ್ತು.

ಎಣ್ಣೆಯದು ಇನ್ನೊಂದು ರಗಳೆ. ಚಳ್ಳಕೆರೆ ಎಂದರೆ ಎಣ್ಣೆ ಮಿಲ್ಲು. ಮುಂಬಯಿ ಬಿಟ್ಟರೆ ನಾವೇ ಎಂದು ಊರಿನವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಕಾಲ. ಮಿಲ್ಲಿನ ಮಾಲು ಲಾರಿಯ ಮೇಲೆ ಹೋಗುತ್ತಿತ್ತು. ನನ್ನ ಕಡೆಗೆ ಬರುತ್ತಿದ್ದುದು ಬೆಂಗಳೂರಿನ ಮಗಳ ಮನೆಗೆ, ಹುಬ್ಬಳ್ಳಿಯ ಬೀಗರಿಗೆ ಎಂದು ಒಯ್ಯುವ ಒಂಟಿ ತಗಡಿನ ಡಬ್ಬ. ಬೆಸುಗೆ ಬಿಟ್ಟ ಒಂದು ಡಬ್ಬ ಸಾಕು, ಒಂದು ವ್ಯಾನಿನ ಸಾಮಾನೆಲ್ಲ ಹಾಳಾಗಲು. ಮರದ ಚೌಕಟ್ಟು ಹೊಡೆಸಿಕೊಂಡು ಬನ್ನಿ ಎಂದರೆ, “ಯಾಕ್ ಸಾರ್, ನಮ್ಮೂರವರೇ ನೀವು” ಎನ್ನುತ್ತಿದ್ದರು. ಊರಿನವನಾದ್ದರಿಂದಲೇ ನನಗೆ ಆ ತಗಡಿನ ಯೋಗ್ಯತೆ ಗೊತ್ತಿದ್ದದ್ದು.

ನೆಂದ ಕಂಬಳಿಯ ಪ್ರಸಂಗ ಒಂದು ಹೇಳಬೇಕು. ಊರಿನ ಹೆಸರು ಬೇಡ, ದೊಡ್ಡ ಜಂಕ್ಷನ್ನು. ಮಳೆಗಾಲ. ನಮ್ಮಲ್ಲಿಂದ ಸರಿಯಾಗಿ ಹೋದ ಗಂಟುಗಳನ್ನು ಅಲ್ಲಿ ಇಳಿಸಿ, ಮುಂದಿನ ಗಾಡಿಗೆ ಹಾಕುವ ತನಕ ಸೂರಿಲ್ಲದ ಕಡೆ ಬಿಟ್ಟಿದ್ದರು. ಎರಡು ರಾತ್ರಿ ಹೊಡೆದ ಮಳೆ. ಕಂಬಳಿ ಮಳೆಗೆ ಹೆದರುವುದಲ್ಲ, ಕುರಿ ಕಾಯುವವನು ಅದನ್ನೇ ಗೊಪ್ಪೆ ಹಾಕಿಕೊಂಡು ಮಳೆ ದಾಟುತ್ತಾನೆ. ಹಾಳಾದದ್ದು ಗಂಜಿ. ಗಂಟಿನೊಳಗೇ ಕರಗಿ, ಮಡಿಕೆ ಮಡಿಕೆಯಲ್ಲೂ ಲೋಳೆಯಾಗಿ, ಹುಳಿತು, ಒಣಗಿದ ಮೇಲೆ ಕಂಬಳಿಗಳು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಿದರೆ ಹಳೆ ಕಂಬಳಿಯ ಹಾಗೆ ಜೋತುಬಿದ್ದವು. ಉಣ್ಣೆಗೆ ಏನೂ ಆಗಿಲ್ಲ, ಹಾಗಾಗಿ ಮಾಲು ಹಾಳಾಗಿಲ್ಲ ಎಂದು ಪರಿಶೀಲನೆಗೆ ಬಂದ ಅಧಿಕಾರಿ ಬರೆದ. ಸೆಟೆತ ಹೋದ ಹೊಸ ಕಂಬಳಿಯನ್ನು ಹೊಸದೆಂದು ಕೊಳ್ಳುವ ಗಿರಾಕಿ ಭೂಮಿಯ ಮೇಲಿಲ್ಲ ಎಂಬುದನ್ನು ಅವನಿಗೆ ಕಾಗದದಲ್ಲಿ ತಿಳಿಸುವುದು ಹೇಗೆ? ವ್ಯಾಪಾರಿ ಎಲ್ಲವನ್ನೂ ಊರಿಗೆ ತಂದು, ಬಿಚ್ಚಿ ತೊಳೆದು, ಮತ್ತೆ ಗಂಜಿ ಹಾಕಿಸಿದ. ಹುಣಸೆ ಬೀಜದ ಖರ್ಚಿಗೂ ಪರಿಹಾರ ಬರಲಿಲ್ಲ. ಅವನು ಆಮೇಲೆ ಲಾರಿ ಹಿಡಿದ. ಅವನನ್ನು ನೋಡಿ ಉಳಿದವರೂ ಹಿಡಿದರು.

ಹಳಿಗಳ ವಿಷಯಕ್ಕೆ ಮರಳಿದರೆ, ಮೇಯೊ ಹಾಕಿದ ಗಂಟನ್ನು ಬಿಚ್ಚಲು ಹೊರಟವರು ನಮ್ಮೂರಿನವರೇ. ಸಿ.ಕೆ. ಜಾಫರ್ ಷರೀಫ್ 1933ರಲ್ಲಿ ಹುಟ್ಟಿದ್ದು ಚಳ್ಳಕೆರೆಯಲ್ಲಿ. 1991ರಿಂದ 1995ರವರೆಗೆ ಅವರು ಕೇಂದ್ರದ ರೈಲ್ವೆ ಮಂತ್ರಿ. 1992ರಲ್ಲಿ ಅವರ ಕಾಲದಲ್ಲೇ ಯೂನಿಗೇಜ್ ಯೋಜನೆ ಶುರುವಾಯಿತು, ದೇಶದ ಮೀಟರ್ ಗೇಜನ್ನೆಲ್ಲ ಅಗಲ ಹಳಿ ಮಾಡುವುದು. ದುಡ್ಡೆಲ್ಲಿ, ಅವಸರವೇಕೆ ಎಂದು ದಿಲ್ಲಿಯಲ್ಲಿ ಎಷ್ಟೋ ಟೀಕೆ. ಕರ್ನಾಟಕಕ್ಕೇ ಹೆಚ್ಚು ಬಡಿಸಿದರು ಎಂಬ ಮಾತೂ ಬಂತು. ಬಡಿಸಿದರೆ ಏನೀಗ, ನೂರು ವರ್ಷ ಉಪವಾಸ ಇದ್ದ ಎಲೆ. ನಮ್ಮ ಬೆಂಗಳೂರು–ಹುಬ್ಬಳ್ಳಿ–ಮಿರಜು ಲೈನು ಆ ದಶಕದ ನಡುವಿಗೆ ಅಗಲವಾಯಿತು. ಅದೇ ದಶಕದಲ್ಲಿ ದುರ್ಗ–ರಾಯದುರ್ಗದ ನಡುವಿನ ಬಯಲಿಗೂ ಹಳಿ ಬಿತ್ತು. ಚಳ್ಳಕೆರೆ, ತಳಕಿನಲ್ಲಿ ಸ್ಟೇಷನ್ನುಗಳಾದವು. ಬೆಂಗಳೂರು–ಹೊಸಪೇಟೆ ಪ್ಯಾಸೆಂಜರು ಚಿಕ್ಕಜಾಜೂರಿನಲ್ಲಿ ಹೊರಳಿ, ದುರ್ಗ, ಚಳ್ಳಕೆರೆ, ರಾಯದುರ್ಗ, ಬಳ್ಳಾರಿ ಎಂದು ಹೋಗತೊಡಗಿತು. ಯಾರೂ ಇಳಿಯಬೇಕಾಗಿಲ್ಲ, ಏನನ್ನೂ ಇಳಿಸಬೇಕಾಗಿಲ್ಲ.

ಕಂಬಳಿಯವರು ತಿರುಗಿ ರೈಲಿಗೆ ಬಂದರೇ? ಬರಲಿಲ್ಲ. ಲಾರಿ ಅವರ ಅಂಗಡಿ ಬಾಗಿಲಿಗೆ ಬರುತ್ತದೆ, ಸ್ಟೇಷನ್ನು ಬರುವುದಿಲ್ಲ. ರೇಷ್ಮೆಯವರು ಮೊದಲೂ ನಮ್ಮನ್ನು ನಂಬಿದವರಲ್ಲ. ಈಗಂತೂ ಬ್ರೇಕ್ ವ್ಯಾನಿನ ಜಾಗವನ್ನು ಟೆಂಡರು ಕರೆದು ಗುತ್ತಿಗೆಗೆ ಕೊಡುತ್ತಾರೆ, ಅದರಲ್ಲಿ ಹೂವು, ಮೀನು, ಬಟ್ಟೆ ಗಂಟು ಗುತ್ತಿಗೆದಾರನ ಲೆಕ್ಕದಲ್ಲಿ ಹೋಗುತ್ತವೆ. ಎರಡು ನಿಮಿಷ ನಿಲ್ಲುವ ಗಾಡಿಗೆ ಒಬ್ಬ ಪ್ರಯಾಣಿಕನ ಟ್ರಂಕು ಹಾಕಲು ಯಾರಿಗೂ ಪುರುಸೊತ್ತಿಲ್ಲ. ನಿಯಮಗಳು ಮಾತ್ರ ಹಾಗೇ ಇವೆ: ಸ್ಲೀಪರಿಗೆ ನಲವತ್ತು ಕಿಲೋ ಪುಕ್ಕಟೆ, ಎರಡನೇ ದರ್ಜೆಗೆ ಮೂವತ್ತೈದು, ಬುಕ್ ಮಾಡಿಸದೆ ಸಿಕ್ಕಿಬಿದ್ದರೆ ಆರು ಪಟ್ಟು ದರ. ಕೂಲಿಗಳ ಪೈಕಿ ಎಷ್ಟೋ ಜನ 2008ರಲ್ಲಿ ಗ್ಯಾಂಗ್‌ಮನ್ ಕೆಲಸಕ್ಕೆ ಸೇರಿಕೊಂಡರು. ಉಳಿದವರಿಗೆ 2016ರ ಬಜೆಟ್ಟು ಸಹಾಯಕ ಎಂಬ ಹೆಸರು ಕೊಟ್ಟಿತು. ಅಷ್ಟರಲ್ಲಿ ಚೀಲಗಳಿಗೆ ಗಾಲಿ ಬಂದಾಗಿತ್ತು.

ಹೋದ ವರ್ಷ ಮೊಮ್ಮಗನಿಗೆ ಉತ್ತರದಲ್ಲಿ ಕೆಲಸವಾಯಿತು. ಬೈಕನ್ನು ರೈಲಿಗೆ ಹಾಕಬೇಕೆಂದ. ಒಂದು ದೊಡ್ಡ ಸ್ಟೇಷನ್ನಿನ ಪಾರ್ಸಲ್ ಆಫೀಸಿಗೆ ಜೊತೆಗೆ ಹೋದೆ. ಹುಲ್ಲು, ರಟ್ಟು, ಗೋಣಿತಟ್ಟು ಸುತ್ತಿ, ಅದೇ ದಬ್ಬಳ, ಅದೇ ಸುತಳಿಯಲ್ಲಿ ಹೊಲಿಯುತ್ತಿದ್ದ ಹುಡುಗ ಕೈ ಚುರುಕಿನವನು. ಮೂಲೆಯ ಹೊಲಿಗೆ ಸಡಿಲವಿದೆ ಎಂದೆ. “ತಾತಾ, ನೀವೇನ್ ರೈಲ್ವೇಲಿದ್ರಾ?” ಎಂದು ಕೇಳಿ, ಬಿಚ್ಚಿ ಮತ್ತೆ ಹೊಲಿದ. ನಂಬರನ್ನು ಒಂದು ಕಡೆಯಷ್ಟೇ ಬರೆದಿದ್ದ. ನಾನು ಟ್ಯಾಂಕಿನ ಮೇಲೂ, ಸೀಟಿನ ಕೆಳಗೂ ಬರೆಸಿದೆ. ದಾರಿಯಲ್ಲಿ ಗಾಡಿ ಬದಲು ಇರಲಿಲ್ಲ, ಆದರೂ ಬರೆಸಿದೆ. ನಿಯಮದಂತೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಇಳಿಸಬೇಕು. ಇಳಿಸಿದ ಎರಡು ಲೀಟರು ಯಾರಿಗೆ ಸೇರಬೇಕೆಂದು ಹೊಲಿಯುವ ಹುಡುಗನಿಗೂ ಕಾಟಾದ ಬಳಿ ನಿಂತವನಿಗೂ ಜಗಳ ಹತ್ತಿತ್ತು. ಮೊಮ್ಮಗ ಬಾಟಲಿ ತಂದು ಅದನ್ನು ಊರಿಗೆ ಒಯ್ಯುತ್ತೇನೆಂದ. ಪೆಟ್ರೋಲು ಹಿಡಿದು ಗಾಡಿ ಹತ್ತುವಂತಿಲ್ಲ ಎಂದು ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು.